ಬೆಳಚು ಚಿಪ್ಪಿನ ಮೇಲೆ ಕಮೋಡು

"ಈ ಕಮೋಡನ್ನು ನಾನೇ ಕೂರಿಸುತ್ತೇನೆ. ಭೂಕಂಪವಾದರೂ ಅಲುಗಬಾರದು, ಹಾಗೆ ಕೂರಿಸುತ್ತೇನೆ!"

ಕೋಡಿಬಾಗದ ದೇವಾನಂದ ಹೀಗೆ ಘೋಷಿಸಿದಾಗ ಹೆಂಡತಿ ದಮಯಂತಿ ದೇವರ ಮುಂದೆ ದೀಪ ಹಚ್ಚುತ್ತಿದ್ದಳು. ಮಾತು ಕೇಳಿದ್ದೇ ತಡ, ಇನ್ನೊಂದು ಬತ್ತಿ ಹೆಚ್ಚಿಗೆ ಹಾಕಿದಳು.

ಸಂಗತಿ ಇಷ್ಟೇ. ತಾಯಿಯಿಲ್ಲದ ದೇವಾನಂದನನ್ನು ಸಾಕಿ ಬೆಳೆಸಿದ ಸೋದರತ್ತೆ ಬೊಮ್ಮಿ, ಮೊಣಕಾಲಿನ ಆಪರೇಷನ್ ಮುಗಿಸಿಕೊಂಡು ಅಂಕೋಲೆಯಿಂದ ಬರುವವಳಿದ್ದಳು, ಸುಧಾರಿಸಿಕೊಳ್ಳಲಿಕ್ಕೆ. ಕುಕ್ಕರಗಾಲಿನಲ್ಲಿ ಕೂರುವಂತಿಲ್ಲ. ಹಿತ್ತಲಿನ ಹಳೇ ಸಂಡಾಸು ಅವಳಿಗೆ ಆಗದು. ಕದ್ವಾಡದಲ್ಲಿರುವ ದೇವಾನಂದನ ತಮ್ಮ ಯೋಗೇಶನ ಮನೆಯಲ್ಲಾದರೆ ಕಮೋಡು ಉಂಟು. ಇಲ್ಲಿ ಅನುಕೂಲವಾಗದಿದ್ದರೆ ಅತ್ತೆ ಅಲ್ಲಿಗೇ! ತನ್ನನ್ನು ಸಾಕಿದ ಅತ್ತೆ ಯೋಗೇಶನ ಪಾಲಾಗುವುದೇ? ಯೋಗೇಶನನ್ನೂ ಅವಳೇ ಸಾಕಿದ್ದು, ಅದು ಬೇರೆ ಮಾತು.

ಅತ್ತೆ ಫೋನು ಮಾಡಿದಳು. "ದೇವಾ, ನಾ ಬರುವಾಗ ಒಂದು..."

"ನೀ ಏನೂ ತರಬೇಡ ಅತ್ತೆ! ಕೈ ಬೀಸ್ಕೊಂಡು ಬಾ!"

"ಅಲ್ಲೋ, ಕೇಳು, ಆಸ್ಪತ್ರೆಯವರು..."

"ಎಲ್ಲ ವ್ಯವಸ್ಥೆ ನಂದು!" ಎಂದು ಫೋನು ಇಟ್ಟೇಬಿಟ್ಟ.

ಕಮೋಡು ಬಂತು. ಬಚ್ಚಲಿಗೆ ಅದರ ಪೈಪನ್ನು ಮನೆ ಕಟ್ಟುವಾಗಲೇ ಹಾಕಿಸಿದ್ದರು. ತೊಡಕು ಒಂದೇ, ನೆಲ. ನೀರು ಹರಿದುಹೋಗಲೆಂದು ಬಚ್ಚಲಿನ ನೆಲವನ್ನು ಮೂಲೆಗೆ ಇಳಿಜಾರು ಮಾಡಿದ್ದರು. ಕಮೋಡು ಇಟ್ಟರೆ ಒಂದು ಕಡೆ ಬೆರಳು ತೂರುವಷ್ಟು ಸಂದು. ಮುಟ್ಟಿದರೆ ಟಕ್, ಬಿಟ್ಟರೆ ಟಕ್!

"ನೆಲ ಓರೆ. ನನ್ನ ತಪ್ಪಲ್ಲ" ಎಂದ ದೇವಾನಂದ.

"ಗೌಂಡಿ ಹುಲಿಯಾನನ್ನು ಕರೆಯಿರಿ. ಸಿಮೆಂಟು ಹಾಕಿ ಸಮ ಮಾಡಿಕೊಡ್ತಾನೆ" ಎಂದಳು ದಮಯಂತಿ.

"ಹುಲಿಯಾನಿಗೆ ಎಂತ ಗೊತ್ತುಂಟು? ಅವನಿಗೆ ನಾನೇ ಕಲಿಸಬೇಕು!"

ಅವತ್ತು ಮಧ್ಯಾಹ್ನದ ಊಟಕ್ಕೆ ಕಾಳಿ ಹೊಳೆಯ ಚಿಪ್ಪುಮೀನು ಬೆಳಚು, ಅದರ ಒಣ ಪಲ್ಯ ಸುಕ್ಕೆ. ಉಂಡವರು ತಾಟಿನ ಅಂಚಿಗೆ ಚಿಪ್ಪು ಗುಡ್ಡೆ ಹಾಕಿದ್ದರು. ದೇವಾನಂದನಿಗೆ ಅಲ್ಲೇ ಜ್ಞಾನೋದಯ!

"ದಮಯಂತಿ, ನಮ್ಮ ಅಜ್ಜನ ಮನೆ ಇಷ್ಟು ಮಳೆಗಾಲ ಯಾತರ ಬಲದ ಮೇಲೆ ನಿಂತದ್ದು? ಚಿಪ್ಪಿನ ಸುಣ್ಣದ ಮೇಲೆ! ಮನೆಯನ್ನೇ ಹೊತ್ತ ಚಿಪ್ಪು ಕಮೋಡು ಹೊರುವುದಿಲ್ಲವೇ?"

"ಅದು ಸುಟ್ಟ ಚಿಪ್ಪು. ಇದು ಉಂಡ ಚಿಪ್ಪು."

"ನೀನು ಸುಮ್ನಿರು."

ಮದುವೆಯಾದಾಗಿನಿಂದ ಅವಳಿಗೆ ಈ ಮಾತು ಚೆನ್ನಾಗಿ ಅಭ್ಯಾಸವಾಗಿತ್ತು.

ದೇವಾನಂದ ಚಿಪ್ಪಿನೊಳಗೆ ಚಿಪ್ಪು ಸೇರಿಸಿ ಸಂದಿಗೆ ತುರುಕಿದ. ಕಮೋಡಿನ ಮುಚ್ಚಳದ ಮೇಲೆ ತಾಟಿನಲ್ಲಿ ನೀರಿಟ್ಟು ನೋಡಿದ. ಒಂದು ಹನಿ ಚೆಲ್ಲಲಿಲ್ಲ! ಸುತ್ತ ಬಿಳಿ ಸಿಮೆಂಟು ಮೆತ್ತಿದ. ಅದು ಒಣಗಿದ ಮೇಲೆ ನೆರೆಮನೆಯ ಗಜಾನನನನ್ನು ಕರೆತಂದು ಪ್ಯಾಂಟಿನ ಸಮೇತ ಕೂರಿಸಿದ.

"ಹೇಗುಂಟು?"

"ಮಂತ್ರಿಯ ಕುರ್ಚಿಗಿಂತ ಗಟ್ಟಿ ಮಾರಾಯ!" ಎಂದ ಗಜಾನನ. ಅವನದು ಕಡ್ಡಿ ದೇಹ. ಬೊಮ್ಮಿ ಅತ್ತೆಯದು ಹಾಗಲ್ಲ.

ಕೆಲವು ದಿನ ಕಳೆಯುವುದರೊಳಗೆ ಬಚ್ಚಲಿನಲ್ಲಿ ವಾಸನೆ ಎದ್ದಿತು. ಚಿಪ್ಪನ್ನು ತೊಳೆದೇ ಇರಲಿಲ್ಲವಲ್ಲ! ಕೋಡಿಬಾಗದ ಬೆಕ್ಕುಗಳೆಲ್ಲ ಬಾಗಿಲ ಮುಂದೆ ಸಭೆ ಸೇರಿದವು. ದೇವಾನಂದ ಊದುಬತ್ತಿ ಹಚ್ಚಿದ. ಈಗ ಮಲ್ಲಿಗೆಯ ಪರಿಮಳದಲ್ಲಿ ಕೊಳೆತ ಬೆಳಚು.

"ನೆಲದ ವಾಸನೆ ಅದು" ಎಂದ.

"ನೆಲ ಯಾವಾಗ ಸುಕ್ಕೆ ಉಂಡಿತು?" ಎಂದಳು ದಮಯಂತಿ.

ಅಷ್ಟರಲ್ಲಿ ಅತ್ತೆ ಬಂದೇಬಿಟ್ಟಳು. ಕೋಲೂರಿ ಇಳಿದವಳನ್ನು ದೇವಾನಂದ ಕೈಹಿಡಿದು ನೇರ ಬಚ್ಚಲಿನ ಬಾಗಿಲಿಗೇ ಕರೆದೊಯ್ದ. "ನಿನಗೋಸ್ಕರ ನನ್ನ ಕೈಯ್ಯಾರೆ ಮಾಡಿದ್ದು ಅತ್ತೆ!"

ಅತ್ತೆ ಒಳಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಆಮೇಲೆ ಹಪ್ಪಳ ಮುರಿದಂತೆ ಕರಕರ, ಕಟಕಟ!

"ದೇವಾ! ನನ್ನನ್ನು ದೋಣಿ ಹತ್ತಿಸಿದೆಯೇನೋ!"

ದಮಯಂತಿ "ಮಹಾಮಾಯೇ!" ಎಂದು ಒಳನುಗ್ಗಿ ಅತ್ತೆಯನ್ನು ತಬ್ಬಿ ಹಿಡಿದಳು. ದೇವರು ದೊಡ್ಡವನು, ಮೊಣಕಾಲು ಉಳಿಯಿತು. ಕಮೋಡು ಮಾತ್ರ ಗೋಡೆಗೆ ಒರಗಿ ಕುಡುಕನ ಹಾಗೆ ನಿಂತಿತ್ತು. ಬುಡದಿಂದ ಸಿಡಿದ ಚಿಪ್ಪಿನ ಚೂರುಗಳ ಮೇಲೆ ಬೆಕ್ಕುಗಳು ಎಗರಿಬಿದ್ದವು.

ದೇವಾನಂದ ಬಾಗಿಲಲ್ಲಿ ಇಣುಕಿದ. "ಅತ್ತೆ... ಯೋಗೇಶನಿಗೆ ಫೋನು ಮಾಡಲೇ?"

"ಅವನಿಗೆ ಎಂತಕ್ಕೆ? ದಮಯಂತಿ, ಜಗಲಿಯಲ್ಲಿ ನಾ ತಂದ ಸೀರೆ ಸುತ್ತಿದ ಸಾಮಾನು ಉಂಟು, ತಾ ಮಗಾ."

ಸೀರೆ ಬಿಚ್ಚಿದರೆ ನಡುವೆ ದೊಡ್ಡ ತೂತಿರುವ ಕುರ್ಚಿ!

"ಆಸ್ಪತ್ರೆಯವರು ಹೇಳಿ ತರಿಸಿದ್ದು. ಹಳೇ ಸಂಡಾಸಿನ ಮೇಲೆ ಇಟ್ಟರೆ ಸಾಕು. ಫೋನಿನಲ್ಲಿ ಅದನ್ನೇ ಹೇಳಹೊರಟಿದ್ದೆ. ನೀ ಬಾಯಿ ಮುಚ್ಚಿದರಲ್ಲವೇನೋ!"

ಹಿತ್ತಲಿನ ಸಂಡಾಸಿನ ನೆಲವೂ ಇಳಿಜಾರೇ. ಕುರ್ಚಿಯ ಒಂದು ಕಾಲು ಕುಂಟಿತು. ದೇವಾನಂದ ಬಾಯಿ ತೆರೆಯುವಷ್ಟರಲ್ಲಿ ದಮಯಂತಿ ಅವನ ಒಂದು ಹವಾಯಿ ಚಪ್ಪಲಿ ಎತ್ತಿಕೊಂಡು, ಕತ್ತಿಯಿಂದ ಹಿಮ್ಮಡಿಯ ತುಂಡು ಕೊಯ್ದು, ಕುಂಟುವ ಕಾಲಿನಡಿಗೆ ಇಟ್ಟಳು.

"ಅದು ನನ್ನ ಚಪ್ಪಲಿ!"

"ಎಲ್ಲ ವ್ಯವಸ್ಥೆ ನಿಮ್ಮದೇ ಅಲ್ದ್ರಾ?"

ಅತ್ತೆ ಕೂತಳು. ಟಕ್ ಇಲ್ಲ, ಕಟ್ ಇಲ್ಲ. ಒಳಗಿನಿಂದ ನಿರಾಳ ದನಿ ಬಂತು: "ಈಗ ಗಟ್ಟಿ ಕೂತಿತು ನೋಡು! ನಾ ಎಲ್ಲೂ ಹೋಗೂದಿಲ್ಲ, ಇಲ್ಲೇ ಇರ್ತೆ."

ದೇವಾನಂದ ಉಸಿರು ಬಿಟ್ಟ. ಒಂದು ಕಾಲಿಗೆ ಇಡೀ ಚಪ್ಪಲಿ, ಇನ್ನೊಂದಕ್ಕೆ ಹಿಮ್ಮಡಿಯಿಲ್ಲದ ಚಪ್ಪಲಿ ಮೆಟ್ಟಿ, ಮೇಲೆ ಕೆಳಗೆ ಆಡುತ್ತ ಹುಲಿಯಾನನ್ನು ಕರೆಯಲು ಹೊರಟ.

"ಎಂತ ಮಾರಾಯ, ಒಂದು ಬದಿಗೆ ವಾಲಿ ನಡೀತಿದ್ದೀಯಲ್ಲ!" ಎಂದ ಗಜಾನನ, ಬೇಲಿಯಾಚೆಯಿಂದ.

"ರಸ್ತೆ ಓರೆ..." ಎಂದು ದೇವಾನಂದ ಶುರುಮಾಡಿದ್ದಷ್ಟೇ. ಹಿತ್ತಲಿನಿಂದ ದಮಯಂತಿ ಕೂಗಿದಳು:

"ನಿಲ್ಲಿ, ಚಿಪ್ಪು ಇನ್ನೂ ಉಳಿದದೆ! ಹಿಮ್ಮಡಿಗೆ ಒಂದು ಇಟ್ಟುಕೊಳ್ಳಿ!"