ಪ್ರೂಫ್ ಮಾರುವವನ ಎದೆಬಡಿತ

ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲ್ಲೂಕು ನನ್ನ ಲೈನು. ಹಾರ್ಡ್‌ವೇರ್ ಸಾಮಾನಿನ ಕಂಪನಿಯೊಂದರ ಏಜೆಂಟ್ ನಾನು. ನಾನು ಮಾರುವ ಸಾಮಾನಿಗೆಲ್ಲ ‘ಪ್ರೂಫ್’ ಅನ್ನುವ ಒಂದೇ ಬಾಲ: ವಾಟರ್‌ಪ್ರೂಫ್, ಫೈರ್‌ಪ್ರೂಫ್, ಸೌಂಡ್‌ಪ್ರೂಫ್. ಕೆಲಸಕ್ಕೆ ಸೇರಿದ ದಿನ ನಮ್ಮ ಸಾಹೇಬರು ಸೂತ್ರ ಹೇಳಿಕೊಟ್ಟರು: “ಬಾಲದ ಮೊದಲು ಯಾವ ಶಬ್ದ ಅದನೋ, ಅದು ಒಳಗ ಬರಂಗಿಲ್ಲ. ಅಷ್ಟ ತಿಳ್ಕೋ.”

ಅಷ್ಟೇ ತಿಳಿದುಕೊಂಡೆ. ಅಂದಿನಿಂದ ಗಿರಾಕಿಯ ಫೋನು ಬಂದರೆ ಸಾಕು, ಏನೋ ಒಳಗೆ ಬಂದಿರಬೇಕು ಅಂತ ಎದೆ ಡವಡವ ಅನ್ನುತ್ತದೆ. ಹೆಚ್ಚಿನ ಸಲ ಬಂದೇ ಇರುತ್ತದೆ.

ವಾಟರ್‌ಪ್ರೂಫ್

ನಿಂಬರ್ಗಾದಲ್ಲಿ ಒಬ್ಬ ವಯಸ್ಸಾದ ಮುತ್ಯಾ ತೊಗರಿ ರಾಶಿ ಮಾಡಿ ಹೊಲದಲ್ಲೇ ಇಟ್ಟಿದ್ದ. ಮುಗಿಲಲ್ಲಿ ಮೋಡ ಕಟ್ಟುತ್ತಿತ್ತು. ನಾನು ರಾಶಿಗೆ ಹೊದಿಸುವ ತಾಡಪತ್ರಿ ಬಿಚ್ಚಿ, “ವಾಟರ್‌ಪ್ರೂಫ್ ಅದ ಮುತ್ಯಾ” ಅಂದೆ.

“ಪ್ರೂಫ್ ಅಂದ್ರ ಝೆರಾಕ್ಸ್ ತಂದೀಯೇನು?”

“ಆ ಪ್ರೂಫ್ ಅಲ್ಲ. ಒಂದು ಹನಿ ನೀರು ಒಳಗ ಬರಂಗಿಲ್ಲ.”

“ಹಂಗಾದ್ರ ನೀ ಒಳಗ ಕುಂದ್ರು” ಅಂದವನೇ ನಾಲ್ಕು ಗೂಟ ಹೊಡೆದು ತಾಡಪತ್ರಿ ಕಟ್ಟಿಸಿ, ನನ್ನನ್ನು ಅದರ ಕೆಳಗೆ ಕೂಡಿಸಿದ. ಮನೆಯವರೆಲ್ಲ ಸೇರಿ ಕೊಡದ ಮೇಲೆ ಕೊಡ ನೀರು ಸುರಿದರು. ಮೇಲೆ ತಾಡಪತ್ರಿ ಎಮ್ಮೆಯ ಹೊಟ್ಟೆಯಂತೆ ಜೋತುಬಿತ್ತು. ಎಲ್ಲಿ ಹರಿಯುತ್ತದೋ, ಸುರಿದ ನೀರಿನ ಜೊತೆ ನನ್ನ ಕೆಲಸವೂ ಎಲ್ಲಿ ಕೊಚ್ಚಿಕೊಂಡು ಹೋಗುತ್ತದೋ ಅಂತ ನಾನು ಕಣ್ಣು ಮುಚ್ಚಿ ಮನೆದೇವರನ್ನು ನೆನೆಯುತ್ತಿದ್ದೆ. ಒಂದು ಹನಿಯೂ ಸೋರಲಿಲ್ಲ.

ಹೊರಗೆ ಬಂದೆ. ಮುತ್ಯಾ ನನ್ನ ಅಂಗಿ ಮುಟ್ಟಿ ನೋಡಿದ. “ಇದ್ಯಾಕ ತೊಯ್ದದ?”

“ಅದು ಬೆವರು, ಮುತ್ಯಾ.”

“ಮ್ಯಾಲಿನ ನೀರಿಗೆ ಪ್ರೂಫ್ ಅದ, ಒಳಗಿನ ನೀರಿಗಿಲ್ಲ ಅನ್ನು” ಅಂದ. ಆದರೂ ತಾಡಪತ್ರಿ ಇಟ್ಟುಕೊಂಡ.

ಸೌಂಡ್‌ಪ್ರೂಫ್

ಅಫಜಲಪುರದಲ್ಲಿ ಒಬ್ಬ ವಯಸ್ಸಾದ ಆಯಿಯ ಮನೆಗೆ ಹಿಟ್ಟಿನ ಗಿರಣಿ ಅಂಟಿಕೊಂಡಿತ್ತು. ದಿನವಿಡೀ ಗುರ್ ಗುರ್ ಸಪ್ಪಳ. ಆಯಿಯ ಕೋಣೆಗೆ ಸೌಂಡ್‌ಪ್ರೂಫ್ ಹಲಗೆ ಬಡಿಸಿ, ದಪ್ಪ ಬಾಗಿಲು ಕೂಡಿಸಿ ಬಂದೆ. ವಾರ ಕಳೆಯುವುದರೊಳಗೆ ಫೋನು.

“ಈಗಿಂದೀಗ ಬಾ. ನಿನ್ನ ಹಲಗಿ ಕಿತ್ತು ಒಯ್ಯಿ!”

ಬಸ್ಸಿನ ಉದ್ದಕ್ಕೂ ಹಲಗೆಯಲ್ಲಿ ಎಲ್ಲಿ ಬಿರುಕು ಬಿಟ್ಟಿರಬಹುದು ಅಂತ ಯೋಚಿಸುತ್ತ, ಉಗುರು ಕಚ್ಚುತ್ತ ಹೋದೆ. ಕೋಣೆಯೊಳಗೆ ನಿಂತು ಬಾಗಿಲು ಹಾಕಿ ಕಿವಿಗೊಟ್ಟೆ. ಗಿರಣಿ ಇದೆ ಅಂತಲೇ ಗೊತ್ತಾಗುತ್ತಿರಲಿಲ್ಲ.

“ಸಪ್ಪಳ ಬರವಲ್ದಲ್ಲ ಆಯಿ?”

“ಅದಽ ತಕರಾರು! ಸೊಸಿ ಅಡಗಿಮನ್ಯಾಗ ನಿಂತು ತವರಮನಿಗಿ ಫೋನ್ ಹಚ್ಚತಾಳ. ಒಂದು ಅಕ್ಷರ ಕೇಳವಲ್ದು. ಗಿರಣಿ ತಡದು ಸೊಸೀನ್ನ ಬಿಡೋ ಪ್ರೂಫ್ ಇದ್ರ ತಗೊಂಡು ಬಾ.”

ಆಫೀಸಿನಲ್ಲಿ ಕೇಳಿ ಹೇಳುತ್ತೇನೆ ಅಂತ ಜಾರಿಕೊಂಡೆ. ಹೊಸ್ತಿಲಲ್ಲಿ ಸೊಸೆ ಚಹಾ ಹಿಡಿದು ನಿಂತಿದ್ದಳು. ಮೆಲ್ಲಗೆ ಅಂದಳು: “ಅಣ್ಣಾರ, ಕೀಳಬ್ಯಾಡ್ರಿ. ಆದ್ರ ಅಡಗಿಮನಿಗೂ ಒಂದು ಬಡೀರಿ.”

ಬುಲೆಟ್‌ಪ್ರೂಫ್

ಅದೇ ಊರಿನ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹುಡುಗ ನನ್ನ ಸ್ಯಾಂಪಲ್ ಬ್ಯಾಗ್ ನೋಡಿ ಹತ್ತಿರ ಬಂದು, ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದ: “ಭಾಯ್, ಬುಲೆಟ್‌ಪ್ರೂಫ್ ಸಿಗ್ತದೇನ್ರಿ?”

“ಯಾರಿಗ್ರಿ?”

“ನಮ್ಮ ಅಬ್ಬಾಗ. ಅವರಿಗೆ ಹೇಳಬ್ಯಾಡ್ರಿ, ಭಾಳ ಬೇಜಾರಾಗ್ಯಾರ.”

“ಯಾರರೆ ಬೆನ್ನು ಹತ್ಯಾರೇನ್ರಿ?”

“ಎರಡು ಅದಾವ್ರಿ. ಒಂದು ಕರೇದು, ಒಂದು ಕಂದು. ಗೋಡಿ ಜಿಗದು ಬಂದು ಹರದು ಹಾಕಿ ಹೋಗ್ತಾವ.”

ಸಿಟ್ಟಿಗೆ ಗೂಂಡಾಗಳನ್ನೇ ಹಾಗೆ ಅನ್ನುತ್ತಿದ್ದಾನೆ ಅಂದುಕೊಂಡು ನಾನು ಬ್ಯಾಗನ್ನು ಎದೆಗವಚಿಕೊಂಡೆ. ಆ ಇಬ್ಬರು ಈಗಲೂ ಇಲ್ಲೇ ಎಲ್ಲೋ ನಿಂತು ನಮ್ಮನ್ನೇ ನೋಡುತ್ತಿದ್ದರೆ? “ಮೊದಲು ಪೊಲೀಸರಿಗೆ ಹೇಳ್ರಿ!” ಅಂದೆ.

ಹುಡುಗ ನನ್ನನ್ನೇ ವಿಚಿತ್ರವಾಗಿ ನೋಡಿದ. “ಬೆಕ್ಕಿನ ಮ್ಯಾಲೆ ಪೊಲೀಸರು ಕೇಸ್ ಹಾಕ್ತಾರೇನ್ರಿ? ಅಬ್ಬಾನ ಬುಲೆಟ್ ಗಾಡಿ ಸೀಟ್ ಒಮ್ಮೆ ನೋಡ್ ಬರ್ರಿ!”

ಫೂಲ್‌ಪ್ರೂಫ್

ಜೇವರ್ಗಿ ಕಡೆಯ ಅಂದೋಲಾದಲ್ಲಿ ಹೊಸ ಕೀಲಿಯನ್ನು, ಅಂದರೆ ಬೀಗವನ್ನು, ಜನರಿಗೆ ತೋರಿಸಬೇಕಿತ್ತು. ಆ ತಿಂಗಳು ನನ್ನ ವ್ಯಾಪಾರ ನೆಲ ಕಚ್ಚಿತ್ತು. ನನ್ನನ್ನು ಇಟ್ಟುಕೊಳ್ಳುವುದೋ ಬಿಡುವುದೋ ನೋಡಲು ಸಾಹೇಬರೇ ಬಂದು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಡಬ್ಬಿಯ ಮೇಲೆ ‘ಫೂಲ್‌ಪ್ರೂಫ್’ ಅಂತ ದೊಡ್ಡದಾಗಿ ಅಚ್ಚಾಗಿತ್ತು. ಹಾರ್ಡ್‌ವೇರ್ ಅಂಗಡಿಯ ಮುಂದೆ ಜನ ಸೇರಿದರು. ಪಕ್ಕದಲ್ಲಿ ಹೂ ಮಾರುವ ಚಾಚಾನೂ ಎದ್ದು ಬಂದ.

“ಫೂಲ್ ಅಂದ್ರ ಹೂ. ಇದರಾಗ ಇಟ್ರ ಹೂ ಬಾಡಂಗಿಲ್ಲೇನ್ರಿ?” ಅಂದ.

ಜನ ನಕ್ಕರು. ಸಾಹೇಬರ ಹುಬ್ಬು ಗಂಟಾಯಿತು. ನನಗೆ ಸೂತ್ರ ನೆನಪಿತ್ತು. “ಅಲ್ಲ ಚಾಚಾ, ಇದು ಇಂಗ್ಲಿಷ್ ಫೂಲ್. ದಡ್ಡ ಅಂತ. ದಡ್ಡರ ಕೈಯಾಗ ಈ ಕೀಲಿ ಸುತಾರಾಂ ತೆರೆಯಂಗಿಲ್ಲ!” ಅಂತ ಜೋರಾಗಿ ಹೇಳಿ, ಅಂಗಡಿಯ ಶಟರ್ ಎಳೆದು ಕೀಲಿ ಜಡಿದೆ. “ಈಗ ತೆರೀತೇನಿ ನೋಡ್ರಿ” ಅಂದೆ.

ತೆರೆಯಲಿಲ್ಲ. ಚಾವಿ ಎಡಕ್ಕೆ ತಿರುವಿದೆ, ಬಲಕ್ಕೆ ತಿರುವಿದೆ, ಊದಿದೆ. ಜನ ಕೆಮ್ಮತೊಡಗಿದರು. ಅಂಗಡಿ ಮಾಲೀಕ, “ನನ್ನ ಊಟದ ಡಬ್ಬಿ ಒಳಗದ ರೀ” ಅಂದ. ಮನೆಗೆ ಹೋಗಿ ಹೆಂಡತಿಗೆ ಏನು ಹೇಳಲಿ ಅಂತ ಯೋಚಿಸುತ್ತಿದ್ದಾಗ ಸಾಹೇಬರು ಸಿಟ್ಟಿನಿಂದ ಎದ್ದು, “ಆಕಡೆ ಸರಿ” ಅಂತ ಚಾವಿ ಕಸಿದುಕೊಂಡರು. ತಿರುವಿದರು, ಜಗ್ಗಿದರು, ಕಡೆಗೆ ಒದ್ದರು. ಅವರ ಕೈಯಲ್ಲೂ ತೆರೆಯಲಿಲ್ಲ. ವೆಲ್ಡಿಂಗ್ ಅಂಗಡಿಯವನನ್ನು ಕರೆಸಿದೆವು. ಅವನು ಕಿಡಿ ಹಾರಿಸುತ್ತ ಅರ್ಧ ಮಧ್ಯಾಹ್ನ ಗುದ್ದಾಡಿದ ಮೇಲೆ ಕೀಲಿ ಬಿತ್ತು.

ನಾನು ತಲೆ ತಗ್ಗಿಸಿ ನಿಂತಿದ್ದೆ. ಸಾಹೇಬರು ಕರವಸ್ತ್ರದಿಂದ ಕೈ ಒರೆಸಿಕೊಳ್ಳುತ್ತ ಬೇರೆ ಕಡೆ ನೋಡುತ್ತಿದ್ದರು. ಚಾಚಾ ಜನರನ್ನು ಸರಿಸಿಕೊಂಡು ಮುಂದೆ ಬಂದ.

“ಪಕ್ಕಾ ಮಾಲ್ ಅದ ರೀ. ಇವರು ಹೇಳಿದಂಗಽ ಅದ. ಒಬ್ಬರ ಮ್ಯಾಲೆ ಅಲ್ಲ, ಇಬ್ಬರ ಮ್ಯಾಲೆ ಚೆಕ್ ಆತು. ನನಗೊಂದು ಕೊಡ್ರಿ, ತೆರೆಯೋದು ನಾವು ನೋಡ್ಕೋತೇವಿ!”