ಎದಿಹಾಲು ಎಷ್ಟ ದಿನ ಕುಡಿಸಬೇಕ್ರಿ?

ಸಿಂದಗಿ, ಇಂಡಿ, ಬಸವನ ಬಾಗೇವಾಡಿ ಕಡೆಯ ಹಳ್ಳಿಗಳಲ್ಲಿ ನಾನು ನರ್ಸ್ ಆಗಿ ಇಪ್ಪತ್ತು ವರ್ಷ ತಿರುಗಿದ್ದೇನೆ. ಎಳೆಗೂಸಿನ ಮನೆಗೆ ಹೋದರೆ ಚಹಾ ಬರುವ ಮೊದಲೇ ಈ ಪ್ರಶ್ನೆ ಬರುತ್ತದೆ. ನನ್ನ ಉತ್ತರ ಒಂದೇ: ಆರು ತಿಂಗಳು ಬರೀ ಎದೆಹಾಲು, ಆಮೇಲೆ ಊಟದ ಜೊತೆ ಎರಡು ವರ್ಷದವರೆಗೆ, ಮುಂದಿನದು ತಾಯಿ-ಮಕ್ಕಳ ಖುಷಿ. ಇಷ್ಟು ಹೇಳಿ ಎದ್ದುಬರುವುದರೊಳಗೆ ಏನಾದರೊಂದು ನಡೆದೇ ನಡೆಯುತ್ತದೆ.

ಅತ್ತೆಯ ನೆನಪು

ಸಿಂದಗಿಯ ಒಂದು ಮನೆಯಲ್ಲಿ ಕೂಸಿಗೆ ವರ್ಷ ತುಂಬಿತ್ತು. "ಇನ್ನ ಸಾಕು, ಬಿಡಸು" ಎಂದು ಅತ್ತೆ ಹಟ ಹಿಡಿದಿದ್ದರು. ಸೊಸೆಗೆ ಇನ್ನೂ ಕುಡಿಸುವ ಆಸೆ, ಆದರೆ ಬಾಯಿ ಬಿಡಲು ಅಂಜಿಕೆ.

"ನಿಮ್ಮ ಮಗಗ ನೀವು ಎಷ್ಟ ದಿನ ಕುಡಿಸಿದ್ರಿ?" ಎಂದು ಅತ್ತೆಯನ್ನು ಕೇಳಿದೆ.

"ಬರೋಬ್ಬರಿ ಒಂದ ವರ್ಷರಿ."

ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತಿದ್ದ ಮಾವ ತಲೆ ಎತ್ತದೆಯೇ ಹೇಳಿದರು: "ಸುಳ್ಳ ಹೇಳಬ್ಯಾಡ. ಸಾಲಿಗೆ ಹಚ್ಚಿದ ಮ್ಯಾಲೂ, ನೀರ ಕುಡ್ಯಾಕ ಬಿಟ್ಟಾಗ ಮನಿಗೆ ಓಡಿ ಬರ್ತಿದ್ದ."

ಗೋಡೆಗೆ ಒರಗಿ ಮೊಬೈಲ್ ನೋಡುತ್ತಿದ್ದ ಆ ಮಗ, ಈಗ ಆರಡಿ ಎತ್ತರದ ಗಂಡಸು, ಮೆಲ್ಲಗೆ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಬೇವು

ಇಂಗಳೇಶ್ವರದ ಒಬ್ಬ ತಾಯಿಯ ಮಗ ಅಂಗನವಾಡಿಗೆ ಹೋಗುತ್ತಿದ್ದರೂ ಹಾಲು ಬಿಟ್ಟಿರಲಿಲ್ಲ. ಯಾರೋ ಹೇಳಿದರೆಂದು ಆಕೆ ಬೇವಿನೆಲೆ ಅರೆದು ಎದೆಗೆ ಹಚ್ಚಿಕೊಂಡರು. ನಾನು ಅಲ್ಲೇ ಕೂತಿದ್ದೆ. ಹುಡುಗ ಬಾಯಿ ಇಟ್ಟ, ಮುಖ ಕಿವುಚಿದ, ಎದ್ದು ಒಳಗೆ ಹೋದ.

"ಬಿಟ್ಟ ನೋಡ್ರಿ" ಎಂದು ತಾಯಿ ನಿರಾಳವಾಗಿ ಉಸಿರು ಬಿಟ್ಟರು.

ಹುಡುಗ ಎರಡೂ ಕೈಯಲ್ಲಿ ತಂಬಿಗೆ ಹಿಡಿದು, ನೀರು ತುಳುಕಿಸುತ್ತ ವಾಪಸು ಬಂದ. ತಾಯಿಯ ಮುಂದಿಟ್ಟು, "ತೊಳ್ಕೋ" ಎಂದ.

ನನ್ನ ಮನೆ

ಊರಿಗೆಲ್ಲ ಬುದ್ಧಿ ಹೇಳುವವಳು ನಾನು, ನನ್ನ ಮಗಳೇ ಮೂರು ತುಂಬಿದರೂ ಹಾಲು ಬಿಟ್ಟಿರಲಿಲ್ಲ. ಆಗ ನಾವು ಇಂಡಿಯಲ್ಲಿದ್ದೆವು. ನನಗೆ ಮುದ್ದೇಬಿಹಾಳದಲ್ಲಿ ಎಂಟು ದಿನದ ತರಬೇತಿ ಬಂತು. "ಇದ ಛಲೋ ಆತು. ಕೂಸಿನ್ನ ನನ್ನ ಕಡೆ ಬಿಟ್ಟ ಹೋಗು" ಎಂದರು ನನ್ನ ಅತ್ತೆ.

ಹೋದೆ. ಅಳುತ್ತಿದ್ದಾಳೋ ಏನೋ ಎಂಬ ಚಿಂತೆಯಲ್ಲಿ ಊಟ ಸೇರಲಿಲ್ಲ. ಫೋನಿನಲ್ಲಿ ಅತ್ತೆ "ಆರಾಮ ಅದಾಳ" ಎಂದರೂ ನಂಬಿಕೆ ಬರಲಿಲ್ಲ.

ಒಂಬತ್ತನೆಯ ದಿನ ಮನೆಗೆ ಬಂದರೆ ಮಗಳು ಅಜ್ಜಿಯ ಮಗ್ಗುಲಲ್ಲಿ ಕೂತು ರೊಟ್ಟಿ-ಮೊಸರು ತಿನ್ನುತ್ತಿದ್ದಳು. ಓಡಿ ಬಂದು ತಬ್ಬಿಕೊಂಡಳು, ಮತ್ತೆ ಓಡಿಹೋಗಿ ರೊಟ್ಟಿಯ ಮುಂದೆ ಕೂತಳು. ಹಾಲು ಕೇಳಲೇ ಇಲ್ಲ. ಬಿಟ್ಟಳೆಂದು ಖುಷಿಪಡಬೇಕಾದ ನಾನು ಪಡಸಾಲೆಯಲ್ಲಿ ಕೂತು ಬಿಕ್ಕತೊಡಗಿದೆ.

ಮಗಳು ಮೊಸರುಗೈಯಲ್ಲೇ ಬಂದು ನನ್ನ ಕಣ್ಣೀರು ಒರೆಸಿದಳು. ಅಜ್ಜಿಯ ಕಡೆ ಒಮ್ಮೆ ನೋಡಿದಳು, ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ದೊಡ್ಡವರ ಹಾಗೆ ನಿಟ್ಟುಸಿರು ಬಿಟ್ಟು ನನ್ನ ತೊಡೆ ಏರಿದಳು.

"ಅಳಬ್ಯಾಡ ಯವ್ವಾ. ನಿನ್ನ ಸಲುವಾಗಿ ಇದೊಂದ ಸಲ ಕುಡೀತೇನಿ."