ಊಟಕ್ಕೆ ಮುಂಚೆ ಒಂದು ಹಾಡು

ಕಾಂಪೌಂಡರ್ ಕೆಲಸದಲ್ಲಿ ನಗು ಬರುವುದಕ್ಕೆ ಹೊತ್ತುಗೊತ್ತು ಅಂತ ಇರುವುದಿಲ್ಲ. ಆಚೆ ಬೆಂಚಿನ ಮೇಲೆ ಒಬ್ಬರು ಹೊಟ್ಟೆ ಹಿಡಿದುಕೊಂಡು ನರಳುತ್ತಿರುತ್ತಾರೆ, ಈಚೆ ನಾನು ಶೀಶೆಗೆ ಮಿಕ್ಸ್ಚರ್ ತುಂಬುತ್ತಾ ತುಟಿ ಕಚ್ಚಿಕೊಂಡು ನಿಂತಿರುತ್ತೇನೆ. ಅದರಲ್ಲೂ ನಮ್ಮ ಡಾಕ್ಟರು ಹಾಡಿನ ಚಿಕಿತ್ಸೆ ಶುರು ಮಾಡಿದ ವರ್ಷ ನನ್ನ ತುಟಿಗೆ ಬಿಡುವೇ ಸಿಗಲಿಲ್ಲ.

ಇದು ಐವತ್ತರ ದಶಕದ ಕೊನೆಯ ಮಾತು. ಯಲಹಂಕದ ಪೇಟೆ ಬೀದಿಯಲ್ಲಿ ಡಾಕ್ಟರ ಶಾಪು, ಅಲ್ಲಿಂದ ನಾಲ್ಕು ಬೀದಿ ಆಚೆಗೆ ಅವರ ಮನೆ. ಡಾಕ್ಟರು ಒಳ್ಳೆಯ ಕೈಗುಣ ಇದ್ದವರು. ಆದರೆ ಅರ್ಧ ಕಾಯಿಲೆಗಳೆಲ್ಲ ಮನಸ್ಸಿನಲ್ಲಿ ಹುಟ್ಟುತ್ತವೆ ಎಂದು ಬಲವಾಗಿ ನಂಬಿದ್ದರು. ತಲೆನೋವು ಎಂದು ಬಂದವರ ನಾಡಿ ಹಿಡಿದು, "ಮನೇಲಿ ಏನಾದ್ರೂ ಜಗಳ ಆಯ್ತಾ?" ಎಂದು ಕೇಳುವರು. ಯಾರ ಮನೆಯಲ್ಲಿ ಆಗಿರುವುದಿಲ್ಲ ಹೇಳಿ! ಹೀಗೆ ಕೇಳಿ ಕೇಳಿ, ಊರಿನ ಜಗಳಗಳೆಲ್ಲ ನಮ್ಮ ಬೆಂಚಿನ ಮೇಲೆ ಬಂದು ಕೂತವು.

ಒಂದು ದಿನ ಬೆಳಿಗ್ಗೆ ಡಾಕ್ಟರು ಮನೆಯಿಂದ ಗ್ರಾಮಫೋನು ಪೆಟ್ಟಿಗೆಯನ್ನು ಎತ್ತಿಸಿಕೊಂಡು ಬಂದರು. ಜೊತೆಗೆ ಒಂದು ಕಟ್ಟು ಪ್ಲೇಟುಗಳು, ಹೆಚ್ಚಿನವು ಸಿನಿಮಾ ಹಾಡು.

"ಇನ್ನು ಮೇಲೆ ಮನಸ್ಸಿನ ನೋವಿಗೆ ಇದೇ ಔಷಧ ಕಣಯ್ಯಾ. ಊಟಕ್ಕೆ ಮುಂಚೆ ಒಂದು ಹಾಡು, ಊಟ ಆದ್ಮೇಲೆ ಒಂದು" ಎಂದರು.

ಆ ಪೆಟ್ಟಿಗೆ ಅಮ್ಮಾವ್ರಿಗೆ, ಅಂದರೆ ಡಾಕ್ಟರ ಹೆಂಡತಿಗೆ, ಮದುವೆಯಲ್ಲಿ ಅವರ ತಂದೆ ಕೊಟ್ಟದ್ದು ಎಂದು ನನಗೆ ಗೊತ್ತಿತ್ತು. "ಅಮ್ಮಾವ್ರನ್ನ ಒಂದ್ ಮಾತು ಕೇಳಿದ್ರಾ ಸಾರ್?" ಎಂದೆ.

"ಕೇಳೋದೇನು? ಊರಿಗೆ ಉಪಕಾರ ಆಗೋ ಕೆಲ್ಸ."

ಆ ಸಾಯಂಕಾಲದಿಂದಲೇ ಅಮ್ಮಾವ್ರು ಡಾಕ್ಟರ ಹತ್ತಿರ ಮಾತು ಬಿಟ್ಟರು. ಏನಿದ್ದರೂ ನನ್ನ ಮೂಲಕವೇ ಹೋಗಬೇಕು, ಬರಬೇಕು. ಗಂಡ ಹೆಂಡಿರ ನಡುವೆ ನಿನಗೇನಯ್ಯಾ ಕಷ್ಟ ಅನ್ನಬೇಡಿ. ಮಧ್ಯಾಹ್ನದ ಊಟದ ಕ್ಯಾರಿಯರನ್ನು ಮನೆಯಿಂದ ತರುತ್ತಿದ್ದವನು ನಾನು. ಮೂರು ಡಬ್ಬಿಯ ಕ್ಯಾರಿಯರು ಅದು, ಕೆಳಗಿನ ಡಬ್ಬಿ ನನ್ನದು. ಆ ಮನೆಯ ಮಾತುಕತೆ ಸರಿಹೋಗುವುದು ಡಾಕ್ಟರಿಗೆ ಎಷ್ಟು ಬೇಕಿತ್ತೋ ನನ್ನ ಹೊಟ್ಟೆಗೂ ಅಷ್ಟೇ ಬೇಕಿತ್ತು.

೧. ಅತ್ತೆ, ಸೊಸೆ ಮತ್ತು ತಾಯಿಯ ಹಾಡು

ಮೊದಲ ಬೋಣಿ ಹುಣಸಮಾರನಹಳ್ಳಿಯ ಅತ್ತೆ ಸೊಸೆಯರದು. ಇಬ್ಬರಿಗೂ ತಲೆನೋವು. ಅತ್ತೆಯ ತಲೆನೋವಿಗೆ ಸೊಸೆ ಕಾರಣ, ಸೊಸೆಯದಕ್ಕೆ ಅತ್ತೆ.

"ಸೊಪ್ಪಿನ ಸಾರ್‌ಗೆ ಉಳಿ ಆಕೋದ್ ಗೊತ್ತಿಲ್ಲ ಸಾಮಿ ಇವ್ಳಿಗೆ" ಎಂದಳು ಅತ್ತೆ.

"ಆಕಿದ್ರೆ ಜಾಸ್ತಿ ಆಯ್ತು ಅಂತಾರೆ, ಆಕ್ದಿದ್ರೆ ಇಂಗಂತಾರೆ" ಎಂದಳು ಸೊಸೆ.

ಡಾಕ್ಟರು ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ, ಪೆಟ್ಟಿಗೆಗೆ ಕೀ ಕೊಟ್ಟು, ತಾಯಿಯ ಮಮತೆಯನ್ನು ಹೊಗಳುವ ಒಂದು ಹಾಡು ಹಾಕಿದರು. ಕೇಳಿದರೆ ಕಲ್ಲೂ ಕರಗಬೇಕು, ಅಂಥ ಹಾಡು. ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಬೆಂಚಿನ ಮೇಲೆ ಮಾತ್ರ ಯಾರೂ ಕರಗಲಿಲ್ಲ. ಸ್ವಲ್ಪ ಹೊತ್ತಿಗೆ ಅತ್ತೆ ಸೊಸೆಯ ಕಡೆ ವಾಲಿ ಮೆಲ್ಲಗೆ ಕೇಳಿದಳು.

"ಏನಮ್ಮೀ, ಈ ಆಡೋಳ್ಗೆ ನೆಗಡಿ ಆಗೈತಾ?"

"ಊ ಕಣತ್ತೆ, ಮೂಗ್ ಇಡ್ಕಂಡ್ ಆಡ್ತಾವ್ಳೆ. ನಮ್ಮೂರ್ ಸೋಬಾನೆ ಅಜ್ಜಿಗೆ ಬಾಯಾಗ್ ಒಂದ್ ಅಲ್ ಇಲ್ದಿದ್ರೂ ಇದ್ಕಿಂತ ವಾಸಿ."

ಅತ್ತೆ ಕಿಸಕ್ಕನೆ ನಕ್ಕಳು. ಸೊಸೆಯೂ ನಕ್ಕಳು. ಪ್ಲೇಟು ಮುಗಿಯುವಷ್ಟರಲ್ಲಿ ಇಬ್ಬರೂ ಆ ಗಾಯಕಿಯನ್ನು ಹಿಡಿದು ಚೆನ್ನಾಗಿ ಜಾಲಾಡಿಸಿ, ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ಬಸ್ಸಿಗೆ ಹೊರಟರು. ತಲೆನೋವು ಎಲ್ಲಿ ಹೋಯಿತೋ!

"ನೋಡಿದ್ಯಾ?" ಎಂದು ಡಾಕ್ಟರು ನನ್ನ ಕಡೆ ತಿರುಗಿದರು. "ಅಮ್ಮಾವ್ರಿಗೆ ಹೇಳು, ಅತ್ತೆ ಸೊಸೆ ಒಂದಾದ್ರು ಅಂತ."

ಹೇಳಿದೆ. ಅಮ್ಮಾವ್ರು ಒಗ್ಗರಣೆ ಸೌಟು ಹಿಡಿದವರು ಹಾಗೇ ನಿಂತು, "ಸಂತೋಷ. ಊರಿನ ಮನೆಗಳೆಲ್ಲ ನೆಟ್ಟಗಾಗ್ಲಿ" ಎಂದರು. ಶಾಪಿಗೆ ಬಂದು ಕ್ಯಾರಿಯರು ಬಿಚ್ಚಿದರೆ ಪಲ್ಯ ಇರಲಿಲ್ಲ.

೨. ವಿರಹಕ್ಕೆ ಮದ್ದು

ಯಶವಂತಪುರದ ಸ್ಟೇಷನ್ನಿನಲ್ಲಿ ಗುಮಾಸ್ತನಾಗಿದ್ದ ನಮ್ಮೂರ ಹುಡುಗ ಒಬ್ಬನಿಗೆ ಪ್ರೇಮಭಂಗ ಆಯಿತು. ಪ್ರೇಮ ಅಂದರೆ, ದಿನಾ ಬೆಳಿಗ್ಗೆ ರೈಲಿನಲ್ಲಿ ಎದುರಿನ ಸೀಟಿನಲ್ಲಿ ಕೂರುತ್ತಿದ್ದ ಹುಡುಗಿಯನ್ನು ಇವನು ನೋಡುತ್ತಿದ್ದ, ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಅವಳಿಗೆ ದೊಡ್ಡಬಳ್ಳಾಪುರದ ಕಡೆ ಗಂಡು ಗೊತ್ತಾದ ಮೇಲೆ ಇವನು ಊಟ ಬಿಟ್ಟ, ನಿದ್ದೆ ಬಿಟ್ಟ, ಗಡ್ಡ ಬಿಟ್ಟ. ಅವರಮ್ಮ ಕೈಹಿಡಿದು ಎಳೆದುಕೊಂಡು ಬಂದರು.

ಡಾಕ್ಟರು ಅವನ ನಾಲಿಗೆ ನೋಡಿದರು, ಹೊಟ್ಟೆ ಒತ್ತಿ ನೋಡಿದರು. "ದುಃಖ ಒಳಗೇ ಕಟ್ಕೊಂಡಿದೆ, ಮೊದ್ಲು ಅದು ಆಚೆ ಬರ್ಬೇಕು" ಎಂದು ವಿರಹದ ಹಾಡೊಂದನ್ನು ಹಾಕಿದರು. ಊಟ ಸರಿಯಿಲ್ಲದೆ ಹೊಟ್ಟೆಯೂ ಕಟ್ಟಿದ್ದರಿಂದ ಅದಕ್ಕೂ ಒಂದು ಔಷಧ ಬರೆದುಕೊಟ್ಟರು. ನಾನು ಬೆರೆಸಿ, ಶೀಶೆಗೆ ಡೋಸು ತೋರಿಸುವ ಗೀಟಿನ ಕಾಗದ ಅಂಟಿಸಿ ಕೊಟ್ಟೆ.

ಹಾಡು ಅವನಿಗೆ ಎಷ್ಟು ಹಿಡಿಸಿತೆಂದರೆ ಮಾರನೆಯ ದಿನ ಗೆಳೆಯರನ್ನೂ ಕರೆದುಕೊಂಡು ಬಂದ. ಪ್ರೇಮಿಸದವರೂ ಭಂಗಪಟ್ಟು ಕೂತರು. ಜ್ವರದವರು ನಿಲ್ಲುವುದಕ್ಕೂ ಜಾಗವಿಲ್ಲ. ಪ್ಲೇಟು ತಿರುಗಿ ತಿರುಗಿ, ವಿರಹ ನನಗೇ ಬಾಯಿಪಾಠವಾಯಿತು, ಡಾಕ್ಟರಿಗೂ ಆಯಿತು.

ಆಮೇಲೆ ಕೆಲವು ದಿನ ಹುಡುಗ ನಾಪತ್ತೆ. ಮತ್ತೆ ಬಂದಾಗ ಗಡ್ಡ ಬೋಳಿಸಿದ್ದ, ಮುಖ ಸೊರಗಿತ್ತು.

"ಈಗ ಅವಳ ನೆನಪು ಬರುತ್ತೇನಪ್ಪಾ?" ಎಂದು ಡಾಕ್ಟರು ಕೇಳಿದರು.

"ಒಂಚೂರೂ ಇಲ್ಲ ಸಾರ್."

"ಕೇಳಿಸ್ಕೋ ಕಾಂಪೌಂಡರ್, ಹಾಡಿನ ಮಹಿಮೆ!"

"ಹಾಡಲ್ಲ ಸಾರ್, ಆ ಮಿಕ್ಸ್ಚರು. ನೆನಪು ಮಾಡ್ಕೊಳ್ಳೋಣ ಅಂತ ಕೂತ್ರೆ ಎದ್ ಓಡ್ಬೇಕು. ಕೂರೋಕೇ ಬಿಡ್ಲಿಲ್ಲ ಸಾರ್ ಅದು."

ಡಾಕ್ಟರು ಇದನ್ನೂ ಹಾಡಿನ ಖಾತೆಗೇ ಸೇರಿಸಿಕೊಂಡರು. ನಾನೂ ಬಾಯಿ ಮುಚ್ಚಿಕೊಂಡು ಅಮ್ಮಾವ್ರಿಗೆ ವರದಿ ಒಪ್ಪಿಸಿದೆ.

"ನಮ್ಮಪ್ಪ ಕೊಟ್ಟ ಪೆಟ್ಟಿಗೆ ಅದು, ಕಾಂಪೌಂಡರೇ. ಪಡ್ಡೆ ಹುಡುಗರ ಹರಟೆಗೆ ಕೊಟ್ಟಿದ್ದಲ್ಲ" ಎಂದರು. ಅಂದು ಕ್ಯಾರಿಯರಿನಲ್ಲಿ ಎರಡೇ ಡಬ್ಬಿ. ಇಲ್ಲದ್ದು ಯಾರ ಡಬ್ಬಿ ಎಂದು ನಾನು ಹೇಳಬೇಕಾಗಿಲ್ಲ.

೩. ಸಾಬರ ಕುದುರೆ

ದಿನಾ ಸಾಯಂಕಾಲ ಡಾಕ್ಟರನ್ನು ಮನೆಗೆ ಬಿಡುತ್ತಿದ್ದವರು ಒಬ್ಬ ಜಟಕಾ ಸಾಬರು. ಅವರ ಬೀಬಿ ಸಿಟ್ಟು ಮಾಡಿಕೊಂಡು ಮಾತು ಬಿಟ್ಟಿದ್ದರು. ರಂಜಾನಿಗೆ ತವರಿಗೆ ಕರೆದುಕೊಂಡು ಹೋಗುತ್ತೇನೆಂದು ಹೇಳಿ ಸಾಬರು ಮರೆತುಬಿಟ್ಟಿದ್ದರಂತೆ. ಡಾಕ್ಟರಿಗೆ ಕನಿಕರ ಉಕ್ಕಿ ಬಂತು. ಮಾತಾಡದ ಹೆಂಡತಿಯ ಗಂಡನ ಕಷ್ಟ ಅವರಿಗಲ್ಲದೆ ಇನ್ಯಾರಿಗೆ ಗೊತ್ತು?

"ಬೀಬಿ ಶಾಪಿಗೆ ಬರಲ್ಲ ಡಾಕ್ಟರ್ ಸಾಬ್" ಎಂದರು ಸಾಬರು.

"ಅವರು ಬರದಿದ್ರೆ ಪೆಟ್ಟಿಗೇನೇ ಬರುತ್ತೆ" ಎಂದರು ಡಾಕ್ಟರು.

ಮೂವರೂ ಜಟಕಾ ಹತ್ತಿದೆವು. ಪೆಟ್ಟಿಗೆ ನನ್ನ ತೊಡೆಯ ಮೇಲೆ. ಸರಿಯಾಗಿದೆಯೋ ಇಲ್ಲವೋ ನೋಡೋಣ ಎಂದು ಡಾಕ್ಟರು ಕೀ ಕೊಟ್ಟು, ಇದ್ದ ಒಂದೇ ಹಿಂದಿ ಪ್ಲೇಟನ್ನು ಹಾಕಿದರು. ಜಟಕಾದ ಕುಲುಕಾಟಕ್ಕೆ ಮುಳ್ಳು ಒಂದು ಗೆರೆಯಿಂದ ಇನ್ನೊಂದಕ್ಕೆ ಹಾರುತ್ತಾ, ಹಾಡು ಮೊದಲಿನಿಂದ ಕೊನೆಗೂ ಕೊನೆಯಿಂದ ನಡುವಿಗೂ ಓಡಾಡುತ್ತಿತ್ತು. ಕುದುರೆ ಮಾತ್ರ ಕಿವಿ ನಿಮಿರಿಸಿಕೊಂಡು ಮದುವೆ ಮೆರವಣಿಗೆಯ ಗತ್ತಿನಲ್ಲಿ ಹೆಜ್ಜೆ ಹಾಕಿತು. ಹಾಕಿ, ದಿನದ ಅಭ್ಯಾಸದಂತೆ ಡಾಕ್ಟರ ಮನೆಯ ಮುಂದೆ ಹೋಗಿ ನಿಂತುಬಿಟ್ಟಿತು.

ಸಾಬರು ಲಗಾಮು ಎಳೆದರು, ಬೈದರು, ಬೇಡಿಕೊಂಡರು. ಅದು ಕದಲಲಿಲ್ಲ. ಹಾಡು ಬೀದಿಗೆಲ್ಲ ಕೇಳುತ್ತಿತ್ತು. ಅಮ್ಮಾವ್ರು ಅಕ್ಕಿ ಆರಿಸುತ್ತಿದ್ದ ಮೊರ ಹಿಡಿದುಕೊಂಡೇ ಆಚೆ ಬಂದರು. ತವರಿನ ಪೆಟ್ಟಿಗೆ ಹಾಡುತ್ತಾ ಬೀದಿ ಸುತ್ತುವುದನ್ನು ನೋಡಿದರು, ನನ್ನನ್ನು ನೋಡಿದರು, ಡಾಕ್ಟರನ್ನು ನೋಡಲಿಲ್ಲ.

"ಕಾಂಪೌಂಡರೇ, ಸವಾರಿ ಎಲ್ಲಿಗೆ?"

"ಒಬ್ಬರು ಗಂಡನ ಹತ್ರ ಮಾತು ಬಿಟ್ಟಿದಾರಂತೆ ಅಮ್ಮಾ, ಅವ್ರಿಗೆ ಹಾಡು ಕೇಳಿಸೋಕೆ" ಎಂದೆ. ಸುಳ್ಳು ಹೇಳುವುದಕ್ಕೆ ಹೊಳೆಯಲಿಲ್ಲ.

ಅಮ್ಮಾವ್ರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ಸದ್ದಿಗೆ ಕುದುರೆಯೂ ಹೊರಟಿತು.

ಸಾಬರ ಮನೆಯಲ್ಲಿ ಬೀಬಿ ಪರದೆಯ ಹಿಂದೆ ಕೂತು ಹಾಡು ಕೇಳಿದರು, ಚಹಾ ಕಳಿಸಿದರು, ಮಾತು ಮಾತ್ರ ಆಡಲಿಲ್ಲ. ಮಾರನೆಯ ದಿನ ಡಾಕ್ಟರು ಆಸೆಯಿಂದ ಕೇಳಿದರು, "ಹೇಗಿದಾರಯ್ಯಾ ಬೀಬಿ?"

"ಬೀಬಿ ವೈಸೀಚ್ ಹೈ ಸಾಬ್, ಹಾಗೇ ಇದಾರೆ. ಆದ್ರೆ ಘೋಡಾ ಬಹುತ್ ಖುಷ್. ಹಾಡು ಇಲ್ದೆ ಒಂದ್ ಹೆಜ್ಜೆ ಇಡಲ್ಲ ಅಂತದೆ. ಬೀಬಿಗೆ ಕೊಟ್ಟ ದವಾ ಘೋಡಾಗೆ ಹತ್ಬಿಡ್ತು!"

ಆ ಮಧ್ಯಾಹ್ನ ನಾನು ಕ್ಯಾರಿಯರು ತಂದು ಬಿಚ್ಚಿದೆ. ಡಬ್ಬಿ ಮೂರೂ ಇದ್ದವು. ತಿಕ್ಕಿ, ತೊಳೆದು, ಒರೆಸಿ, ಫಳಫಳ ಹೊಳೆಯುವಂತೆ ಮಾಡಿ, ಖಾಲಿ ಕಳಿಸಿದ್ದರು.

"ಸಾರ್, ಹಸಿವಿಗೆ ಯಾವ ಹಾಡು?" ಎಂದು ಕೇಳಿದೆ. ಡಾಕ್ಟರು ಆ ಖಾಲಿ ಡಬ್ಬಿಗಳನ್ನು ಒಂದೊಂದಾಗಿ ಮುಚ್ಚಿ ಮತ್ತೆ ಕ್ಯಾರಿಯರಿಗೆ ಜೋಡಿಸಿದರು. ಅವರ ಮುಖ ನೋಡಿ, ನನ್ನ ಹಸಿವಿನ ನಡುವೆಯೂ ನನಗೆ ಪಾಪ ಅನ್ನಿಸಿತು. ಊರನ್ನೆಲ್ಲ ಮಾತಾಡಿಸುವ ಮನುಷ್ಯನಿಗೆ ಮನೆಯಲ್ಲಿ ಮಾತಿಲ್ಲ.

೪. ಬೆಂಚಿನ ಕೊನೆಯ ಪೇಷೆಂಟು

ಮರುದಿನ ಮಧ್ಯಾಹ್ನ ನಾನು ಕ್ಯಾರಿಯರಿಗೆಂದು ಹೋದರೆ ಮನೆಗೆ ಬೀಗ. ಮನೆ ಬಿಟ್ಟೇ ಹೊರಟುಬಿಟ್ಟರೋ ಏನೋ ಎಂದು ಓಡಿ ಬಂದರೆ, ಅಮ್ಮಾವ್ರು ನಮ್ಮ ಶಾಪಿನ ಬೆಂಚಿನ ಮೇಲೆ ಸರದಿಯಲ್ಲಿ ಕೂತಿದ್ದಾರೆ! ತೊಡೆಯ ಮೇಲೆ ಕ್ಯಾರಿಯರು. ಹುರುಳಿಕಾಯಿ ಹುಳಿಯ ವಾಸನೆ ಇಡೀ ಶಾಪಿಗೆ ಹರಡಿತ್ತು. ಅದೇ ಬೆಂಚಿನ ಎರಡು ತುದಿಯಲ್ಲಿ, ತಣಿಸಂದ್ರದಿಂದ ಬಂದ ಒಬ್ಬ ಗಂಡ, ಒಬ್ಬ ಹೆಂಡತಿ. ಅವರದೂ ಜಗಳದ ಕೇಸೇ. ಆಕೆ ಗಂಡನಿಗೆ ಬೆನ್ನು ತಿರುಗಿಸಿ ಗೋಡೆ ನೋಡುತ್ತಾ ಕೂತಿದ್ದಳು.

"ಮುಂದಿನವರು" ಎಂದು ಕರೆದ ಡಾಕ್ಟರು ತಲೆಯೆತ್ತಿ ನೋಡಿ ತಡವರಿಸಿದರು. ಅಮ್ಮಾವ್ರು ಬಂದು ಪೇಷೆಂಟಿನ ಸ್ಟೂಲಿನ ಮೇಲೆ ಕೂತರು.

"ಏನ್... ಏನ್ ತೊಂದ್ರೆ?"

ಅಮ್ಮಾವ್ರು ನನ್ನ ಕಡೆ ತಿರುಗಿದರು. "ನಿಮ್ಮ ಡಾಕ್ಟರಿಗೆ ಹೇಳಿ ಕಾಂಪೌಂಡರೇ. ಕಾಯಿಲೆ ನನಗಲ್ಲ, ನಮ್ಮ ಮನೆಯವರಿಗೆ. ಊರಲ್ಲಿ ಯಾರ ಮನೇಲಿ ಏನ್ ನೋವು ಅಂತ ನಾಡಿ ಹಿಡಿದ್ರೆ ಗೊತ್ತಾಗುತ್ತೆ. ಸ್ವಂತ ಮನೇದು ಗೊತ್ತಾಗಲ್ಲ. ನಮ್ಮಪ್ಪ ಹೋದ್ಮೇಲೆ ತವರು ಅಂತ ನನಗೆ ಉಳಿದಿದ್ದು ಆ ಪೆಟ್ಟಿಗೆ ಒಂದೇ. ಬೇಕು ಅಂತ ಒಂದ್ ಮಾತು ಕೇಳಿದ್ರೆ ನಾನೇ ಎತ್ಕೊಂಡ್ ಬಂದ್ ಇಡ್ತಿದ್ದೆ."

ಡಾಕ್ಟರು ಸ್ಟೆತಾಸ್ಕೋಪನ್ನು ಕೈಯಲ್ಲಿ ಸುತ್ತುತ್ತಾ, "ತಪ್ಪಾಯ್ತು ಅಂತ ಹೇಳಯ್ಯಾ" ಎಂದರು. ನಿಜವಾಗಿಯೂ ಅವರ ದನಿ ಸಣ್ಣಗಾಗಿತ್ತು.

"ಅದಿರ್ಲಿ. ಇಲ್ಲಿ ಹಾಡಿನ ಚಿಕಿತ್ಸೆ ಕೊಡ್ತಾರಂತಲ್ಲಾ, ನನಗೂ ಕೊಡಿಸಿ."

ಡಾಕ್ಟರು ಬದುಕಿದೆಯಾ ಬಡಜೀವವೇ ಎಂದು ಪೆಟ್ಟಿಗೆಯತ್ತ ಕೈಚಾಚಿದರು.

"ಪೆಟ್ಟಿಗೆ ಮುಟ್ಬೇಡಿ ಅಂತ ಹೇಳಿ. ಹೆಣ್ಣು ನೋಡೋಕೆ ಬಂದಾಗ ಇವ್ರ ಕಡೆಯೋರು ಹತ್ತು ಜನರ ಮುಂದೆ ನನ್ನ ಕೈಲಿ ಹಾಡು ಹೇಳಿಸಿದ್ರು. ನಾನು ಇವ್ರನ್ನ ಹಾಡಿ ಅಂತ ಇವತ್ತಿನವರೆಗೂ ಕೇಳಿಲ್ಲ. ಈಗ ಇವ್ರು ಹಾಡ್ಲಿ. ಆಮೇಲೆ ಕ್ಯಾರಿಯರು."

ಡಾಕ್ಟರು ನನ್ನನ್ನು ನೋಡಿದರು. ನಾನು ಕ್ಯಾರಿಯರನ್ನು ನೋಡಿದೆ. "ಹಾಡ್ಬಿಡಿ ಸಾರ್" ಎಂದೆ.

ಡಾಕ್ಟರು ಎದ್ದು ನಿಂತು, ಕಣ್ಣು ಮುಚ್ಚಿ, ಆ ವಿರಹದ ಹಾಡನ್ನೇ ಎತ್ತಿಕೊಂಡರು. ಪದಗಳೆಲ್ಲ ಬಂದವು, ರಾಗ ಒಂದೂ ಬರಲಿಲ್ಲ. ಪಲ್ಲವಿಗೆ ಎದುರುಮನೆಯ ಮಗು ಅಳತೊಡಗಿತು. ಚರಣದಲ್ಲಿ ದನಿ ಮೇಲಕ್ಕೆ ಏರಿಸಿದರು ನೋಡಿ, ಆಚೆ ಬಾಗಿಲಲ್ಲಿ ಸವಾರಿಗೆ ಕಾಯುತ್ತಾ ನಿಂತಿದ್ದ ಸಾಬರ ಕುದುರೆ, ಹಾಡಿಲ್ಲದೆ ಹೆಜ್ಜೆ ಇಡದ ಆ ಕುದುರೆ, ಮುಂಗಾಲೆತ್ತಿ ಕೆನೆದು, ಖಾಲಿ ಜಟಕಾ ಎಳೆದುಕೊಂಡು ಹೆಬ್ಬಾಳದ ದಿಕ್ಕಿಗೆ ಕಿತ್ತಿತು. "ರುಕ್! ಅರೇ ರುಕ್!" ಎಂದು ಸಾಬರು ಹಿಂದೆಯೇ ಓಡಿದರು. ಡಾಕ್ಟರು ಕಣ್ಣು ಬಿಡಲಿಲ್ಲ, ಎರಡನೆಯ ಚರಣಕ್ಕೆ ಹೋದರು.

ಅಮ್ಮಾವ್ರು ಮೊದಲು ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ಹೊಟ್ಟೆ ಹಿಡಿದುಕೊಂಡರು. ಕಣ್ಣಲ್ಲಿ ನೀರು ಸುರಿಯುವಂತೆ ನಗುತ್ತಾ ಕೂಗಿದರು, "ಸಾಕು ನಿಲ್ಸ್ರೀ! ನಿಮ್ಮ ದಮ್ಮಯ್ಯ, ನಿಲ್ಸ್ರೀ!"

ಡಾಕ್ಟರು ತಟ್ಟನೆ ನಿಲ್ಲಿಸಿ ಕಣ್ಣು ಬಿಟ್ಟರು. "ಕಾಂಪೌಂಡರ್, ಏನಂದ್ರು?"

"ನಿಲ್ಸಿ ಅಂದ್ರು ಸಾರ್."

"ಯಾರಿಗಂದ್ರು?"

"ನಿಮಗೇ ಸಾರ್! ನೇರವಾಗಿ ನಿಮಗೇ!"

ಅವರ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಅಮ್ಮಾವ್ರು ಕಣ್ಣೊರೆಸಿಕೊಂಡು, "ಸಾಯಂಕಾಲ ಪೆಟ್ಟಿಗೆ ಮನೆಗೆ ಬರ್ಬೇಕು" ಎಂದರು. "ಬರುತ್ತೆ ಕಣೇ" ಎಂದರು ಡಾಕ್ಟರು. "ಮೊದ್ಲು ಊಟ ಮಾಡಿ" ಎಂದು ಅಮ್ಮಾವ್ರು ಕ್ಯಾರಿಯರು ಬಿಚ್ಚಿದರು. ಕೆಳಗಿನ ಡಬ್ಬಿ ತುಂಬಿತ್ತು. ನಾನು ದೇವರಿಗೆ ಕೈಮುಗಿದೆ.

ಆದರೆ ಗೆದ್ದ ಹುಮ್ಮಸ್ಸಿನಲ್ಲಿದ್ದ ಡಾಕ್ಟರಿಗೆ ಊಟ ಬೇಕಿರಲಿಲ್ಲ. "ತಾಳು, ಇನ್ನೊಂದು ಕೇಸಿದೆ" ಎಂದು ಬಾಗಿಲಿಗೆ ಬಂದು, ಗಂಟಲು ಸರಿಮಾಡಿಕೊಂಡು ಕೂಗಿದರು, "ಮುಂದಿನವರು! ತಣಿಸಂದ್ರದವರು ಬನ್ನಿ!"

ನೋಡಿದರೆ, ಬೆಂಚಿನ ಎರಡು ತುದಿಯಲ್ಲಿದ್ದ ಗಂಡ ಹೆಂಡತಿ ಆಗಲೇ ಬೀದಿಗೆ ಇಳಿದಿದ್ದರು. ಗಂಡನ ತೋಳನ್ನು ಆಕೆ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ಯಾಕಮ್ಮಾ, ಜಗಳ ಬಿಡಿಸ್ಕೊಳ್ಳೋದಿಲ್ವಾ?"

"ನಾವ್ ರಾಜಿ ಆದ್ವಿ ಸಾಮಿ" ಎಂದ ಗಂಡ, ಹೆಜ್ಜೆ ನಿಲ್ಲಿಸದೆ.

"ಯಾವಾಗ?"

ಹೆಂಡತಿ ತಿರುಗಿ ನೋಡಿ ಹೇಳಿದಳು, "ನೀವ್ ಆಡೋಕ್ ಸುರು ಮಾಡುದ್ರಲ್ಲಾ ಸಾಮಿ, ಅವಾಗ್ಲೇ!"